ಗುರಿಯನ್ನರಸುವ ಮನಸ್ಸು

ಮನಸ್ಸಿಗೆ ಸುಮ್ಮನಿರಲು ಬಾರದು. ಏನಾದರೊಂದು ಗುರಿಯನ್ನು ಹಿಡಿದು ಅದರ ಬೆನ್ನು ಹತ್ತುವುದು ಅದರ ಸಹಜ ಗುಣ. ನಾವು ಗುರಿ ಕೊಡದಿದ್ದರೆ ಅದು ತಾನೇ ಒಂದನ್ನು ಹುಡುಕಿಕೊಳ್ಳುತ್ತದೆ. ಅದು ಹೆಚ್ಚಾಗಿ ಚಿಂತೆಯೇ ಆಗಿರುತ್ತದೆ. ಸಾಲದ ಕಂತನ್ನು ನೆನೆದು ನಡುರಾತ್ರಿ ಹೊರಳಾಡಿಸುವುದೂ ಹೊಸದೊಂದನ್ನು ಹೊಳೆಯಿಸುವುದೂ ಇದೇ ಸ್ವಭಾವ.

ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ವಿಜ್ಞಾನಿ ಆಟೋ ಲೋವಿಯವರ ಅನುಭವ ಇಲ್ಲಿ ನೆನೆಯತಕ್ಕದ್ದು. ನರಗಳು ಹೃದಯಕ್ಕೆ ಸಂದೇಶ ಮುಟ್ಟಿಸುವುದು ಯಾವುದೋ ರಾಸಾಯನಿಕದ ಮೂಲಕ ಇರಬಹುದೆಂದು ಅವರಿಗೆ 1903ರಲ್ಲಿಯೇ ತೋರಿತ್ತು. ಪರೀಕ್ಷಿಸುವ ಬಗೆ ತಿಳಿಯದೆ ವಿಚಾರ ಬದಿಗೆ ಸರಿಯಿತು. ಅವರೇ ಹೇಳಿಕೊಂಡಿರುವಂತೆ, ಹದಿನೇಳು ವರ್ಷಗಳ ಅನಂತರ ಒಂದು ರಾತ್ರಿ ನಿದ್ದೆಯ ನಡುವೆ ಏನೋ ಹೊಳೆದು, ಎದ್ದು ತುಂಡು ಕಾಗದದ ಮೇಲೆ ಗೀಚಿ ಮಲಗಿದರು. ಬೆಳಿಗ್ಗೆ ತಮ್ಮ ಬರಹ ತಮಗೇ ಓದಲಾಗಲಿಲ್ಲ! ಮರುರಾತ್ರಿ ಮೂರು ಗಂಟೆಗೆ ಅದೇ ವಿಚಾರ ಮರಳಿ ಬಂದಾಗ ಕಾಗದವನ್ನು ನಂಬದೆ ನೇರವಾಗಿ ಪ್ರಯೋಗಾಲಯಕ್ಕೆ ನಡೆದರು. ಒಂದು ಕಪ್ಪೆಯ ಹೃದಯದ ನರವನ್ನು ಪ್ರಚೋದಿಸಿ ಬಡಿತವನ್ನು ನಿಧಾನಗೊಳಿಸಿದರು. ಆ ಹೃದಯದಲ್ಲಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಸೇರಿಸಲು, ಅದರ ಬಡಿತವೂ ನಿಧಾನವಾಯಿತು. ಈ ಕಾರ್ಯಕ್ಕಾಗಿ 1936ರಲ್ಲಿ ಹೆನ್ರಿ ಡೇಲ್ ಅವರೊಡನೆ ನೊಬೆಲ್ ಪ್ರಶಸ್ತಿ ಸಂದಿತು.

ಇದನ್ನು ಕನಸಿನ ಮಹಿಮೆ ಎನ್ನುವವರುಂಟು. ನಮಗೆ ಹಾಗೆನಿಸದು. ಕಪ್ಪೆಯ ಹೃದಯದ ಮೇಲೆ ಬೇರೊಂದು ಉದ್ದೇಶಕ್ಕಾಗಿ ಅವರು ಮೊದಲೇ ಪ್ರಯೋಗ ನಡೆಸಿದ್ದರು. ಎಣ್ಣೆಯಿಲ್ಲದ ಹಣತೆಯಲ್ಲಿ ದೀಪ ನಿಲ್ಲುವುದುಂಟೆ?

1926ರಲ್ಲಿ ಇಂಗ್ಲೆಂಡಿನ ಗ್ರಹಾಂ ವಾಲಸ್ ಅವರು ಸೃಜನಕ್ರಿಯೆಯಲ್ಲಿ ಸಿದ್ಧತೆ, ಕಾವು, ಹೊಳಹು, ಪರಿಶೀಲನೆ ಎಂಬ ಹಂತಗಳನ್ನು ಗುರುತಿಸಿದರು. ನಾವು ಸೋಲುವುದು ಕಾವಿನಲ್ಲಿ. ಗಳಿಗೆಗೊಮ್ಮೆ ಮೊಟ್ಟೆಯನ್ನೆತ್ತಿ ನೋಡಿದರೆ ಮರಿಯಾಗದು.

ಆದುದರಿಂದ ಪ್ರಶ್ನೆಯನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. "ಚೆನ್ನಾಗಿ ಪಾಠ ಮಾಡಬೇಕು" ಎಂದುಕೊಂಡ ಶಿಕ್ಷಕರ ಮನಸ್ಸಿಗೆ ಹಿಡಿಯಲು ಏನೂ ಸಿಗದು, "ಒಂದು ರೊಟ್ಟಿಯಿಂದ ಭಿನ್ನರಾಶಿಯನ್ನು ಹೇಗೆ ತಿಳಿಸಲಿ?" ಎಂದರೆ ಸಿಗುತ್ತದೆ. ಅದರ ಮೇಲೆ ದಣಿಯುವಷ್ಟು ದುಡಿದು, ಬಳಿಕ ಬಿಟ್ಟುಬಿಡಬೇಕು. ನಡೆಯುವುದು, ಗಿಡಗಳಿಗೆ ನೀರುಣಿಸುವುದು, ನಿದ್ರಿಸುವುದು ಇವೆಲ್ಲ ನಿಜವಾದ ಬಿಡುವು. ಮೊಬೈಲ್ ನೋಡುವುದು ಬಿಡುವಲ್ಲ. ಅದು ಕ್ಷಣಕ್ಕೊಂದು ಹೊಸ ಗುರಿಯನ್ನು ತಂದೊಡ್ಡುತ್ತದೆ. ಹಾಸಿಗೆಯ ಬಳಿ ಕಾಗದ ಪೆನ್ಸಿಲ್ ಇರಲಿ. ಅಕ್ಷರ ಮಾತ್ರ ಓದುವಂತಿರಲಿ!

ಚಿಂತೆ ಕಾಡುವಾಗಲೂ ಇದೇ ಉಪಾಯ ಒದಗುತ್ತದೆ. "ಸಾಲ ಹೇಗೆ ತೀರುವುದೋ" ಎಂಬುದನ್ನು "ನಾಳೆ ಯಾರೊಡನೆ ಮಾತನಾಡಲಿ?" ಎಂದು ಬರೆದಿಟ್ಟು ಮಲಗಬಹುದು. ವಾರಗಟ್ಟಲೆ ನಿದ್ದೆ ಬಾರದಿದ್ದರೆ ಕಾಗದವನ್ನು ನೆಚ್ಚಿ ಕೂರದೆ ವೈದ್ಯರನ್ನು ಕಾಣಬೇಕು.