ಇಂಗ್ಲಿಷ್ ಬೋಧನೆಯೂ ಡಿಜಿಟಲ್ ವೇದಿಕೆಯೂ

ಯಂತ್ರದ ಮೂಲಕ ಪಾಠ ಹೇಳುವ ಪ್ರಯತ್ನ ಹೊಸದೇನೂ ಅಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1960ರಲ್ಲಿಯೇ 'ಪ್ಲೇಟೋ' ಎಂಬ ಗಣಕಯಂತ್ರದ ಬೋಧನ ವ್ಯವಸ್ಥೆ ಆರಂಭವಾಯಿತು. 2002ರಲ್ಲಿ 'ಮೂಡಲ್', 2014ರಲ್ಲಿ 'ಗೂಗಲ್ ಕ್ಲಾಸ್‌ರೂಮ್' ಬಂದವು. ಆದರೆ ನನ್ನಂಥ ಅನೇಕ ಅಧ್ಯಾಪಕರಿಗೆ ಇವುಗಳ ಪರಿಚಯವಾದದ್ದು 2020ರ ಮಾರ್ಚ್ ತಿಂಗಳಲ್ಲಿ, ಕೊರೋನಾ ನಿಮಿತ್ತ ತರಗತಿಗಳು ಮುಚ್ಚಿದಾಗಲೇ. ಇವುಗಳಿಂದ ಇಂಗ್ಲಿಷ್ ಪಾಠಕ್ಕೆ ಆಗುವುದೇನು, ಆಗದಿರುವುದೇನು ಎಂಬುದನ್ನು ಸ್ವಾನುಭವದಿಂದ ತಿಳಿಸುವುದೇ ಈ ಲೇಖನದ ಉದ್ದೇಶ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರನ್ನು ವ್ಯಾಕರಣಕ್ಕಿಂತ ಉಚ್ಚಾರಣೆಯೇ ಹೆಚ್ಚು ಅಂಜಿಸುತ್ತದೆ. ನಮ್ಮ ಪದಗಳು ಬಹುಮಟ್ಟಿಗೆ ಸ್ವರಾಂತವಾದುವು. ಆದುದರಿಂದಲೇ 'ಬಸ್' ಎಂಬುದು ನಮ್ಮ ಬಾಯಲ್ಲಿ 'ಬಸ್ಸು' ಆಗುತ್ತದೆ. ಪಶ್ಚಿಮ ದಿಕ್ಕಿಗೂ ಒಳ ಅಂಗಿಗೂ ಇರುವ ಎರಡು ಬೇರೆ ಬೇರೆ ಇಂಗ್ಲಿಷ್ ಪದಗಳನ್ನು ನಾವು 'ವೆಸ್ಟ್' ಎಂದು ಒಂದೇ ರೀತಿ ಬರೆಯುತ್ತೇವೆ, ಒಂದೇ ರೀತಿ ನುಡಿಯುತ್ತೇವೆ. ವಾಸ್ತವವಾಗಿ ಮೊದಲನೆಯದಕ್ಕೆ ತುಟಿಗಳನ್ನು ದುಂಡಗೆ ಮಾಡಬೇಕು. ಎರಡನೆಯದಕ್ಕೆ ಮೇಲಿನ ಹಲ್ಲು ಕೆಳದುಟಿಯನ್ನು ಮುಟ್ಟಬೇಕು. ಎಂಬತ್ತು ಮಂದಿಯ ತರಗತಿಯಲ್ಲಿ ಇದನ್ನು ಒಬ್ಬೊಬ್ಬರ ಬಾಯಿಂದಲೂ ಹೇಳಿಸಿ ತಿದ್ದುವಷ್ಟು ಹೊತ್ತು ಎಲ್ಲಿಯದು?

ಆದುದರಿಂದ ಕಾಲೇಜು ಮತ್ತೆ ತೆರೆದ ಮೇಲೂ ನಾನು ಆ ವೇದಿಕೆಯನ್ನು ಬಿಡಲಿಲ್ಲ. ವಾರಕ್ಕೊಂದು ಪ್ಯಾರಾ ಓದಿ, ಧ್ವನಿಮುದ್ರಿಸಿ ಕಳುಹಿಸಲು ಹೇಳಿದೆ. ಪ್ರತಿಯೊಬ್ಬರಿಗೂ ಒಂದು ಬಾರಿಗೆ ಒಂದೇ ತಪ್ಪನ್ನು ತಿದ್ದಿ, ಸರಿಯಾದ ಉಚ್ಚಾರಣೆಯನ್ನು ನನ್ನ ಧ್ವನಿಯಲ್ಲಿಯೇ ಕಳುಹಿಸುತ್ತಿದ್ದೆ. ತರಗತಿಯಲ್ಲಿ ಎಂದೂ ಬಾಯಿ ಬಿಡದಿದ್ದ ವಿದ್ಯಾರ್ಥಿನಿಯೊಬ್ಬಳೇ ಎಲ್ಲರಿಗಿಂತ ಮೊದಲು ಕಳುಹಿಸಿದಳು. ಏಳು ಸಲ ಓದಿ ಅಳಿಸಿ, ಎಂಟನೆಯದನ್ನು ಕಳುಹಿಸಿದೆನೆಂದು ಆಮೇಲೆ ಹೇಳಿದಳು. ನಗುವವರಿಲ್ಲದ ಕಡೆ ತಪ್ಪು ಮಾಡಿ ಕಲಿಯುವ ಅವಕಾಶವೇ ಈ ವೇದಿಕೆಯ ದೊಡ್ಡ ಗುಣವೆಂದು ಅಂದು ಮನಗಂಡೆ.

ಆದರೆ ಮತ್ತೊಬ್ಬ ವಿದ್ಯಾರ್ಥಿಯಿಂದ ನಾಲ್ಕು ವಾರ ಏನೂ ಬರಲಿಲ್ಲ. ಅಲಕ್ಷ್ಯವೆಂದು ಬಗೆದು ಆಂತರಿಕ ಅಂಕಗಳನ್ನು ಕಡಿಮೆ ಮಾಡಿದೆ. ವಿಚಾರಿಸಿದಾಗ ತಿಳಿಯಿತು: ಮನೆಯಲ್ಲಿದ್ದ ಒಂದೇ ಫೋನು ಬೆಳಗ್ಗೆ ಅಣ್ಣನೊಡನೆ ಕೆಲಸಕ್ಕೆ ಹೋಗುತ್ತಿತ್ತು; ರಾತ್ರಿ ಹಿಂದಿರುಗುವಾಗ ಡೇಟಾ ಮುಗಿದಿರುತ್ತಿತ್ತು. ಅಂಕಗಳನ್ನು ಸರಿಪಡಿಸಿದೆ. ಆದರೆ "ಕೇಳಿದರೆ ಹೇಳುತ್ತಿದ್ದೆ, ಸಾರ್" ಎಂದ ಅವನ ಮಾತು ಇಂದಿಗೂ ಮನಸ್ಸಿನಲ್ಲಿದೆ. ಅಂದಿನಿಂದ ಫೋನಿಲ್ಲದವರು ಮಧ್ಯಾಹ್ನದ ವಿರಾಮದಲ್ಲಿ ನನ್ನ ಫೋನಿನಲ್ಲಿಯೇ ಓದಿ ಮುದ್ರಿಸುತ್ತಾರೆ.

ಡಿಜಿಟಲ್ ವೇದಿಕೆ ವಿದ್ಯಾರ್ಥಿಯ ಧ್ವನಿಯನ್ನು ನಮಗೆ ತಲುಪಿಸಬಲ್ಲದು. ಅವನ ಮೌನಕ್ಕೆ ಕಾರಣವೇನೆಂಬುದನ್ನು ಮಾತ್ರ ಅಧ್ಯಾಪಕನಾದವನು ಹತ್ತಿರ ಕರೆದು, ತಾನೇ ಕೇಳಿ ತಿಳಿಯಬೇಕು.