ರಾ ಫೈಲಿನಲ್ಲಿ ಬೆಳಕಿನ ಹದ

ಭಾನುವಾರದ ಬಿಡುವಿನಲ್ಲಿ ಮದುವೆ, ನಾಮಕರಣಗಳ ಚಿತ್ರ ತೆಗೆದು ಸಂಬಳದ ಮೇಲೆ ನಾಲ್ಕು ಕಾಸು ಗಳಿಸುವವರು ನಮ್ಮವರಲ್ಲಿ ಉಂಟು. ಮುಹೂರ್ತ ಮತ್ತೊಮ್ಮೆ ಬರುವುದಿಲ್ಲ; ಧಾರೆಯ ಚಿತ್ರ ಕೆಟ್ಟರೆ ದುಡ್ಡೂ ಹೋಯಿತು, ಮಾತೂ ಬಂತು. ಆದುದರಿಂದ ರಾ ಫೈಲಿನಲ್ಲಿ ಎಕ್ಸ್‌ಪೋಜರನ್ನು ಎಷ್ಟರಮಟ್ಟಿಗೆ ತಿದ್ದಬಹುದು, ಎಲ್ಲಿ ತಿದ್ದಲಾಗದು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಜೆಪೆಗ್ ಚಿತ್ರವೆಂದರೆ ಕ್ಯಾಮರಾ ತಾನೇ ಬೇಯಿಸಿ ಬಡಿಸಿದ ಅಡಿಗೆ. ರಾ ಎಂದರೆ ಸೆನ್ಸರ್ ಅಳೆದುಕೊಟ್ಟ ಅಕ್ಕಿ ಬೇಳೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳು ಮಾತ್ರ; 14 ಬಿಟ್ಟಿನ ರಾ ಫೈಲಿನಲ್ಲಿ 16,384. ಆದರೆ ಇವು ಸಮಪಾಲಾಗಿ ಹಂಚಿಕೆಯಾಗುವುದಿಲ್ಲ. ಬೆಳಕು ಇಮ್ಮಡಿಯಾದರೆ ಅದನ್ನು ಒಂದು ಸ್ಟಾಪ್ ಎನ್ನುತ್ತಾರೆ. ಎಲ್ಲಕ್ಕೂ ಮೇಲಿನ, ಅತಿ ಪ್ರಕಾಶದ ಸ್ಟಾಪಿಗೆ ಅರ್ಧದಷ್ಟು, ಎಂದರೆ 8,192 ಮೆಟ್ಟಿಲುಗಳು ಸಲ್ಲುತ್ತವೆ. ಅದರ ಕೆಳಗಿನದಕ್ಕೆ 4,096. ಮತ್ತೂ ಕೆಳಗೆ 2,048. ಕತ್ತಲಿನ ಪಾಲಿಗೆ ಉಳಿಯುವುದು ಚಿಲ್ಲರೆ.

ಕಂಪ್ಯೂಟರಿನಲ್ಲಿ ಎಕ್ಸ್‌ಪೋಜರ್ ಗುಂಡಿಯನ್ನು +1ಕ್ಕೆ ಸರಿಸಿದಾಗ ಈ ಅಂಕಿಗಳೆಲ್ಲ ಎರಡರಿಂದ ಗುಣಿಸಲ್ಪಡುತ್ತವೆ, ಅಷ್ಟೆ. ಹೊಸ ಬೆಳಕೇನೂ ಹುಟ್ಟುವುದಿಲ್ಲ. ನೆರಳನ್ನು ತೀರ ಎತ್ತಿದರೆ ರವೆ ಚೆಲ್ಲಿದಂತೆ ಚುಕ್ಕೆಗಳೂ ಮೇಲೇಳುತ್ತವೆ. ಆದರೂ ಅದು ಸಹಿಸಬಹುದಾದ ಕೇಡು. ಸೆನ್ಸರ್ ತುಂಬಿ ಹೊರಚೆಲ್ಲಿದ ಬೆಳಕಿನದು ಹಾಗಲ್ಲ. ಕೆಂಪು, ಹಸಿರು, ನೀಲಿ ಮೂರೂ ತುಂಬಿಹೋದ ಕಡೆ ಜರಿಯ ಅಂಚೂ ಇಲ್ಲ, ಮಲ್ಲಿಗೆಯ ಎಸಳೂ ಇಲ್ಲ. ಯಾವ ಗುಂಡಿ ತಿರುಗಿಸಿದರೂ ಬರುವುದು ಬರಿಯ ಬೂದಿ. ಹಳೆಯ ನೆಗೆಟಿವ್ ಫಿಲ್ಮಿನಲ್ಲಿ ಪಳಗಿದವರಿಗೆ ಇದು ತಲೆಕೆಳಗಾಗಿ ತೋರೀತು. ಅಲ್ಲಿ ನೆರಳನ್ನು ನೋಡಿ ಬೆಳಕು ಕೊಡುತ್ತಿದ್ದರು; ಇಲ್ಲಿ ಪ್ರಕಾಶವನ್ನು ಕಾಯಬೇಕು.

ವರನ ಬಿಳಿ ಪಂಚೆಯನ್ನೇ ತೆಗೆದುಕೊಳ್ಳಿ. ಕಂಡದ್ದನ್ನೆಲ್ಲ ನಡುತರದ ಬೂದುಬಣ್ಣವೆಂದು ಎಣಿಸುವುದು ಕ್ಯಾಮರಾದ ಮೀಟರಿನ ಜಾಯಮಾನ. ಬಿಳುಪು ಹೆಚ್ಚಿದ್ದಲ್ಲಿ ಅದು ಬೆಳಕನ್ನು ತಗ್ಗಿಸುತ್ತದೆ, ಮುಖಗಳು ಕಪ್ಪಾಗುತ್ತವೆ. ಇಂಥ ಫೈಲನ್ನು ತಿದ್ದುವಾಗ ಪಂಚೆಯನ್ನು ನೋಡಬೇಡಿ, ಮುಖವನ್ನು ನೋಡಿ. ಮುಖ ಹದಕ್ಕೆ ಬರುವವರೆಗೆ ಎಕ್ಸ್‌ಪೋಜರ್ ಏರಿಸಿ. ಆಗ ಪಂಚೆ ಸುಣ್ಣದಂತೆ ಕಂಡರೆ ಗಾಬರಿ ಬೇಡ. ಹೈಲೈಟ್ ಗುಂಡಿಯನ್ನು ಇಳಿಸಿದರೆ, ಫೈಲಿನಲ್ಲಿ ಉಳಿದಿದ್ದ ನೆರಿಗೆಗಳು ಮರಳಿ ಕಾಣಿಸುತ್ತವೆ. ಕಾಂಟ್ರಾಸ್ಟಿನ ಕೆಲಸ ಆಮೇಲೆ. ಮೊದಲೇ ಅದಕ್ಕೆ ಕೈಹಾಕುವವರು ಬಹಳ. ಅದರಿಂದ ಕೆಲಸ ಎರಡಾಗುತ್ತದೆ.

ತೆಗೆಯುವಾಗ ಕ್ಯಾಮರಾದ ಹಿಂಬದಿಯ ಹಿಸ್ಟೊಗ್ರಾಂ ನೋಡುವ ರೂಢಿ ಒಳ್ಳೆಯದು. ಅದು ಸಾಮಾನ್ಯವಾಗಿ ಜೆಪೆಗ್ ಲೆಕ್ಕದ್ದಾದ್ದರಿಂದ ರಾ ಫೈಲಿನಲ್ಲಿ ಅದು ತೋರುವುದಕ್ಕಿಂತ ತುಸು ಹೆಚ್ಚೇ ಅವಕಾಶವಿರುತ್ತದೆ. ಅದನ್ನು ನಂಬಿ ದುಂದು ಮಾಡಬಾರದು.

ಡಾರ್ಕ್‌ಟೇಬಲ್, ರಾಥೆರಪಿ ಎಂಬ ತಂತ್ರಾಂಶಗಳು ಪುಕ್ಕಟೆಯಾಗಿ ದೊರೆಯುತ್ತವೆ. ಇವುಗಳಲ್ಲಿ ಮಾಡಿದ ತಿದ್ದುಪಡಿ ಬೇರೊಂದು ಚಿಕ್ಕ ಫೈಲಿನಲ್ಲಿ ಕೂಡುತ್ತದೆ, ಮೂಲಕ್ಕೆ ಧಕ್ಕೆಯಿಲ್ಲ. ಮದುವೆಯ ಮನೆಯವರು ಆಲ್ಬಮ್ ಒಪ್ಪಿಕೊಳ್ಳುವವರೆಗೆ ಆ ಮೂಲವನ್ನು ಎರಡು ಕಡೆ ಇಟ್ಟಿರಿ.