ಹರಳೆಣ್ಣೆಯಿಂದ ಹಣ್ಣಿನ ಕಂಪು

ಹರಳೆಣ್ಣೆಯೆಂದೊಡನೆ ನಮ್ಮ ವಿದ್ಯಾರ್ಥಿಗಳು ಮೂಗು ಮುಚ್ಚುವರು. ಅದೇ ಎಣ್ಣೆಯಿಂದ ಮಾಗಿದ ಪೀಚ್ ಹಣ್ಣಿನ ಕಂಪನ್ನು ಪಡೆಯಬಹುದೆಂದರೆ ಮೂಗಿನ ಮೇಲೆ ಬೆರಳಿಡುವರು. ಮಲ್ಲಿಗೆಯಿಂದ ಸುಗಂಧ ತೆಗೆಯುವಂತೆ ಪೀಚ್ ಹಣ್ಣಿನಿಂದ ತೆಗೆಯುವುದು ಸುಲಭಸಾಧ್ಯವಲ್ಲ. ಆದುದರಿಂದಲೇ ಈ ಕೃತಕ ವಸ್ತುವಿಗೆ ಅಷ್ಟು ಬೆಲೆ.

ಹರಳೆಣ್ಣೆಯ ಮುಖ್ಯ ಆಮ್ಲದ ಅಣುವಿನಲ್ಲಿ 18 ಇಂಗಾಲದ ಪರಮಾಣುಗಳು ಸರಪಳಿಯಂತೆ ಕೂಡಿರುತ್ತವೆ. ಅತಿಯಾದ ಶಾಖಕ್ಕೆ ಈ ಸರಪಳಿಯು 7 ಮತ್ತು 11 ಪರಮಾಣುಗಳ ಎರಡು ತುಂಡುಗಳಾಗಿ ಒಡೆಯುತ್ತದೆ. ದೊಡ್ಡ ತುಂಡಿನಿಂದ ದೊರೆತ ಆಮ್ಲವನ್ನು ಗಂಧಕಾಮ್ಲದೊಡನೆ ಕಾಯಿಸಿದರೆ ಅದರ ಒಂದು ತುದಿಯು ಬಾಗಿ ಉಂಗುರವಾಗುತ್ತದೆ. ಇದೇ ಗ್ಯಾಮಾ-ಅಂಡೆಕಲ್ಯಾಕ್ಟೋನ್.

ವ್ಯಾಪಾರದಲ್ಲಿ ಇದರ ಹೆಸರು ‘ಆಲ್ಡಿಹೈಡ್ ಸಿ-14’. ವಿಚಿತ್ರವೇನೆಂದರೆ, ಇದು ಆಲ್ಡಿಹೈಡೂ ಅಲ್ಲ, ಇದರಲ್ಲಿ 14 ಇಂಗಾಲಗಳೂ ಇಲ್ಲ! ಪರೀಕ್ಷೆಯಲ್ಲಿ ಹೀಗೆ ಬರೆದವರಿಗೆ ನಾವು ಅಂಕ ಕೊಡೆವು. ಮಾರುಕಟ್ಟೆಯಾದರೋ ಆ ಹೆಸರನ್ನು ಇಂದಿಗೂ ಬಿಟ್ಟಿಲ್ಲ. ಆದಕಾರಣ ಸೀಸೆಯ ಮೇಲಿನ ಚೀಟಿಯನ್ನು ನಂಬದೆ ಅಣುಸೂತ್ರವನ್ನೇ ನೋಡಬೇಕು: ಇಂಗಾಲ 11, ಜಲಜನಕ 20, ಆಮ್ಲಜನಕ 2.

1919ರಲ್ಲಿ ಪ್ಯಾರಿಸಿನ ಜಾಕ್ ಗೆರ್ಲೆನ್ ತನ್ನ ‘ಮಿತ್ಸುಕೊ’ ಎಂಬ ಸುಗಂಧದಲ್ಲಿ ಇದನ್ನು ಓಕ್ ಮರದ ಮೇಲೆ ಬೆಳೆಯುವ ಕಲ್ಲುಹೂವಿನೊಡನೆ ಬೆರೆಸಿದನು. ನಮ್ಮ ಮಸಾಲೆಯ ಕಲ್ಲುಹೂವು ಅದರ ಬಳಗದ್ದೇ. ಆ ಮಣ್ಣುಗಂಪಿನ ನಡುವೆ ಪೀಚಿನ ಮೃದುತ್ವವು ಎದ್ದು ಕಂಡಿತು. ಶತಮಾನ ಕಳೆದರೂ ಆ ಸುಗಂಧವು ಮಾರಾಟವಾಗುತ್ತಲೇ ಇದೆ.